ಕಣ್ಣಿನ ಓದು, ಬದುಕಿನ ಓದು

1927ರ ಮಾರ್ಚ್ ಕೊನೆ. ಪ್ರವಾಸದಲ್ಲಿದ್ದ ಗಾಂಧೀಜಿ ನಿಪ್ಪಾಣಿಯಲ್ಲಿ ಕಾಯಿಲೆ ಬಿದ್ದರು. ರಕ್ತದೊತ್ತಡ ಏರಿತ್ತು. ವಿಶ್ರಾಂತಿ ತೆಗೆದುಕೊಳ್ಳಲೇಬೇಕೆಂದು ವೈದ್ಯರು ಪಟ್ಟುಹಿಡಿದರು. ಕೆಲವು ವಾರ ನಂದಿಬೆಟ್ಟದ ತಂಪಿನಲ್ಲಿದ್ದು, ಜೂನ್ ತಿಂಗಳ ಆರಂಭದಲ್ಲಿ ಅವರು ಬೆಂಗಳೂರಿಗೆ ಇಳಿದು ಬಂದರು. ಆಗಸ್ಟ್ ಕೊನೆಯವರೆಗೆ ಅವರ ಬಿಡಾರ ಕುಮಾರ ಪಾರ್ಕಿನಲ್ಲಿ. ಆ ದಿನಗಳಲ್ಲಿ ಅವರು ಬರೆದ ಕಾಗದಗಳ ತಲೆಯ ಮೇಲೆ ಇರುವ ವಿಳಾಸ ಇದೇ. ಇಂದು ಅಲ್ಲೇ ಕುಮಾರ ಪಾರ್ಕ್ ಪೂರ್ವದಲ್ಲಿ ಗಾಂಧಿ ಭವನವಿದೆ.

ಅದು ಅವರ ಆತ್ಮಕಥೆ ವಾರವಾರವೂ ಕಂತುಗಳಲ್ಲಿ ಹೊರಬರುತ್ತಿದ್ದ ಕಾಲ. 1925ರಲ್ಲಿ ಶುರುವಾದ ಬರವಣಿಗೆ 1929ರವರೆಗೆ ನಡೆಯಿತು. ಪರೀಕ್ಷೆಗೆ ಓದುವ ಮಕ್ಕಳೂ, ಓದಿಸುವ ತಂದೆತಾಯಿಗಳೂ ಗಮನಿಸಬೇಕಾದ ಒಂದು ಪುಟ್ಟ ಪ್ರಸಂಗ ಅದರಲ್ಲಿದೆ.

ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಸಸ್ಯಾಹಾರಿಗಳ ವಸತಿಗೃಹವೊಂದರಲ್ಲಿ ಮ್ಯಾಂಚೆಸ್ಟರಿನ ಒಬ್ಬ ಸಜ್ಜನ ಕ್ರೈಸ್ತರ ಪರಿಚಯವಾಯಿತು. ಬೈಬಲನ್ನು ಓದಿ ನೋಡಿ ಎಂದ ಅವರು ತಾವೇ ಒಂದು ಪ್ರತಿಯನ್ನು ಒದಗಿಸಿದರು. ನಕ್ಷೆಗಳು, ಪದಸೂಚಿ ಮೊದಲಾದ ಸಕಲ ಸಾಧನಗಳೂ ಇದ್ದ ಪ್ರತಿ ಅದು. ತರುಣ ಗಾಂಧಿ ಮೊದಲ ಪುಟದಿಂದಲೇ ಹೊರಟರು. ಆದಿಕಾಂಡವನ್ನು ದಾಟಿದ ಮೇಲೆ ನಿದ್ದೆ ಬರತೊಡಗಿತು. ಆದರೂ ಬಿಡಲಿಲ್ಲ. ಓದಿದ್ದೇನೆ ಎಂದು ಹೇಳಿಕೊಳ್ಳಬೇಕಲ್ಲ ಎಂಬ ಒಂದೇ ಕಾರಣಕ್ಕೆ, ರುಚಿಯೂ ಇಲ್ಲದೆ ಅರ್ಥವೂ ಆಗದೆ, ಮುಂದಿನ ಭಾಗಗಳನ್ನು ಹೇಗೋ ತಳ್ಳಿಕೊಂಡು ಹೋದರು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಹೊಸ ಒಡಂಬಡಿಕೆಗೆ ಬಂದಾಗ ಮಾತ್ರ ಕಥೆ ಬದಲಾಯಿತು. ಯೇಸುವಿನ ಪರ್ವತ ಪ್ರಸಂಗ ಅವರ ಮನಸ್ಸಿಗೆ ನೇರವಾಗಿ ನಾಟಿತು. ಅಪಕಾರಕ್ಕೆ ಉಪಕಾರ ಮಾಡು ಎಂಬ ಆ ಬೋಧನೆ, ಬಾಲ್ಯದಲ್ಲಿ ಕೇಳಿದ್ದ ಗುಜರಾತಿ ಕವಿ ಶಾಮಳ ಭಟ್ಟರ ಪದ್ಯವನ್ನು ನೆನಪಿಗೆ ತಂದಿತು. ಗೀತೆಯೊಡನೆ ಅದನ್ನು ಹೋಲಿಸಿ ನೋಡಿದರು. ಆ ಬೋಧನೆ ಮುಂದೆ ಅವರ ಸತ್ಯಾಗ್ರಹದ ಚಿಂತನೆಗೆ ಒಂದು ಬೇರಾಯಿತು.

ಒಬ್ಬನೇ ಓದುಗ, ಒಂದೇ ಪುಸ್ತಕ. ಮೊದಲ ಭಾಗದಲ್ಲಿ ಕಣ್ಣು ಓಡಿತು, ಮನಸ್ಸು ಮಲಗಿತ್ತು. ಎರಡನೆಯದರಲ್ಲಿ ಮನಸ್ಸು ಎದ್ದು ಕುಳಿತು, ತನಗೆ ಗೊತ್ತಿದ್ದುದರೊಡನೆ ಹೋಲಿಸಿತು, ಕೊನೆಗೆ ನಡತೆಯನ್ನೇ ತಿದ್ದಿತು. ಧರ್ಮಗ್ರಂಥವನ್ನು ಓದುವುದಕ್ಕೂ ಅಧ್ಯಯನ ಮಾಡುವುದಕ್ಕೂ ಇರುವ ಅಂತರ ಇದೇ.

ಬದನೆಕಾಯಿಯ ಪ್ರಶ್ನೆ

ನಮ್ಮ ಜನ ಈ ಅಂತರವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬ ಗಾದೆ ಹುಟ್ಟಿದ್ದು ಅದರಿಂದಲೇ. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಇನ್ನೊಂದು ಗಾದೆ ಇನ್ನೂ ಚುರುಕಾಗಿದೆ. ವೇದಾಂತಿಗಳು ಶ್ರವಣ, ಮನನ, ನಿದಿಧ್ಯಾಸನ ಎಂದು ಮೂರು ಮೆಟ್ಟಿಲು ಹೇಳಿದರು. ಕೇಳುವುದು ಮೊದಲ ಮೆಟ್ಟಿಲು ಮಾತ್ರ.

ಕ್ರೈಸ್ತ ಪರಂಪರೆಯಲ್ಲೂ ಇಂಥದೇ ಎಚ್ಚರವಿದೆ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕ್ರೈಸ್ತ ಸಂನ್ಯಾಸಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳ ಏಣಿಯನ್ನು ವಿವರಿಸಿದ. ಬೈಬಲಿನೊಳಗೇ ಇದಕ್ಕೆ ಕಥೆಗಳಿವೆ. ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿ ಇಥಿಯೋಪಿಯಾದ ಒಬ್ಬ ದೊಡ್ಡ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಗಟ್ಟಿಯಾಗಿ ಓದುತ್ತಾ ಹೋಗುತ್ತಿರುತ್ತಾನೆ. ಜೊತೆಗೆ ಓಡಿ ಬಂದ ಫಿಲಿಪ್ಪನು, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಕೇಳುತ್ತಾನೆ. ಹೇಳಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎನ್ನುವ ಅಧಿಕಾರಿ, ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ಹುದ್ದೆಯವನು ತನಗೆ ತಿಳಿಯದು ಎಂದು ಒಪ್ಪಿಕೊಂಡನಲ್ಲ, ಅಧ್ಯಯನ ಶುರುವಾದದ್ದು ಆ ಗಳಿಗೆಯಲ್ಲಿ.

ಅದೇ ಗ್ರಂಥದಲ್ಲಿ ಬೆರೋಯ ಎಂಬ ಊರಿನವರ ಪ್ರಸ್ತಾಪ ಬರುತ್ತದೆ. ಪೌಲನಂಥ ಬೋಧಕನೇ ಬಂದು ಹೇಳಿದರೂ ಅವರು ಸುಮ್ಮನೆ ತಲೆಯಾಡಿಸಲಿಲ್ಲ. ಆತ ಹೇಳಿದ್ದು ನಿಜವೋ ಅಲ್ಲವೋ ಎಂದು ದಿನವೂ ಶಾಸ್ತ್ರವನ್ನು ತೆರೆದು ಪರಿಶೀಲಿಸಿದರು. ಅದಕ್ಕಾಗಿ ಬೈಬಲ್ ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ! ಕೇಳಿದ್ದನ್ನು ಪರೀಕ್ಷಿಸುವುದು ಭಕ್ತಿಗೆ ವಿರೋಧವೆಂದು ತಿಳಿದವರು ಈ ಮಾತನ್ನು ಯೋಚಿಸಬೇಕು.

ಗಂಗಾಮೂಲದ ಹುಡುಗಿ

ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿ ಓದು ಮತ್ತು ಅಧ್ಯಯನಗಳ ನಡುವಿನ ಈ ದಾರಿಯನ್ನು ಪೂರ್ತಿ ನಡೆದವರೊಬ್ಬರಿದ್ದಾರೆ. ಅವರು ಪಂಡಿತಾ ರಮಾಬಾಯಿ.

1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ವಿರೋಧ ಬಂದಾಗ ಪಂಡಿತರ ಮುಂದೆ ಶಾಸ್ತ್ರಗಳಿಂದಲೇ ಆಧಾರ ತೋರಿಸಿದರು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿದ್ದ ಮಗುವನ್ನು ಕೂಲಿಯಾಳು ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಮುಂದೆ ಎಂಟನೆಯ ವಯಸ್ಸಿನಿಂದ ತಾಯಿಯೇ ಮಗಳಿಗೆ ಗುರು. ಊರೂರು ಅಲೆಯುತ್ತಲೇ ಹುಡುಗಿಗೆ ಭಾಗವತ ಬಾಯಿಗೆ ಬಂತು.

ಸಂಸಾರದ ಜೀವನೋಪಾಯ ಪುರಾಣ ಪಠಣ. ದೇವಸ್ಥಾನದಲ್ಲೋ ಮರದಡಿಯಲ್ಲೋ ನದೀ ದಡದಲ್ಲೋ ಕುಳಿತು ರಾಗವಾಗಿ ಸಂಸ್ಕೃತದಲ್ಲಿ ಓದುವುದು. ಕೇಳುವವರು ಕಾಯಿ, ಧಾನ್ಯ, ಕಾಸು ಇಟ್ಟು ಹೋಗುತ್ತಿದ್ದರು. ಅವರಲ್ಲಿ ಬಹುಮಂದಿಗೆ ಸಂಸ್ಕೃತ ತಿಳಿಯದು. ಅರ್ಥ ಹೇಳಬೇಕೆಂಬ ಕಟ್ಟಳೆಯೂ ಓದುವವರಿಗೆ ಇರಲಿಲ್ಲ. ಕಿವಿಗೆ ಬಿದ್ದರೆ ಪುಣ್ಯ ಎಂಬ ನಂಬಿಕೆಯೇ ಸಾಕಾಗಿತ್ತು. ಈ ದಿನಗಳ ಬಗ್ಗೆ ರಮಾಬಾಯಿ ಮುಂದೆ ವಿವರವಾಗಿ ಬರೆದಿದ್ದಾರೆ.

1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕಂಡು ವಿದ್ವಾಂಸರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

ಅದೇ ಊರಿನಲ್ಲಿ ಕ್ರೈಸ್ತರ ಒಂದು ಕೂಟದಲ್ಲಿ ಅವರಿಗೆ ಸಂಸ್ಕೃತದ ಬೈಬಲ್ ಸಿಕ್ಕಿತು. ಭಾಗವತವನ್ನೇ ಬಾಯಿಪಾಠ ಮಾಡಿದ ಪಂಡಿತೆಗೆ ಭಾಷೆಯ ತೊಡಕಿರಬಾರದಲ್ಲವೇ? ಆದರೂ ಅದು ಹಿಡಿಸಲಿಲ್ಲ. ಶೈಲಿ ಬೇರೆ, ಹೇಳುವ ವಿಷಯ ಬೇರೆ. ಇದನ್ನು ಓದುವುದು ಕಾಲಹರಣ ಎನಿಸಿತು. ಪುಸ್ತಕವನ್ನು ಮಾತ್ರ ಬಿಸಾಡಲಿಲ್ಲ, ಕೊನೆಯವರೆಗೂ ಇಟ್ಟುಕೊಂಡರು. ಗಾಂಧೀಜಿಗೆ ಲಂಡನ್ನಿನಲ್ಲಿ ನಿದ್ದೆ ತರಿಸಿದ ಅನುಭವವೇ ರಮಾಬಾಯಿಗೆ ಕಲ್ಕತ್ತೆಯಲ್ಲಿ ಆಗಿತ್ತು. ಅಕ್ಷರ ಬಲ್ಲವರಿಗೆಲ್ಲ ಗ್ರಂಥ ಒಲಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮದುವೆಯಾದ ಎರಡೇ ವರ್ಷಕ್ಕೆ, 1882ರಲ್ಲಿ, ಗಂಡ ತೀರಿಕೊಂಡರು. ಕೈಯಲ್ಲಿ ಹೆಣ್ಣುಕೂಸು. 1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಮನೆಯೊಂದನ್ನು ತೋರಿಸಿದರು. ಸಮಾಜ ತಳ್ಳಿಬಿಟ್ಟಿದ್ದ ಹೆಂಗಸರಿಗೆ ಅದು ಆಶ್ರಯ. ಇವರನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವುದು ಏಕೆ ಎಂದು ರಮಾಬಾಯಿ ಕೇಳಿದರು. ಉತ್ತರವಾಗಿ ಒಬ್ಬ ಸಂನ್ಯಾಸಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ ಓದಿ ವಿವರಿಸಿದರು. ಕಣ್ಣೆದುರಿಗೆ ಮನೆ, ಕೈಯಲ್ಲಿ ಪುಸ್ತಕ. ಎರಡೂ ಒಂದನ್ನೊಂದು ಬೆಳಗಿದವು. ಅದೇ ವರ್ಷ ರಮಾಬಾಯಿ ಕ್ರೈಸ್ತ ಧರ್ಮ ಸ್ವೀಕರಿಸಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಮತಾಂತರದ ವೃತ್ತಾಂತವಷ್ಟೇ ಆಗುತ್ತಿತ್ತು. ಎಂಟು ವರ್ಷಗಳ ನಂತರ ಅವರು ತಮ್ಮನ್ನೇ ಪ್ರಶ್ನಿಸಿಕೊಂಡರು. ತಾವು ಕ್ರೈಸ್ತ ಮತವೆಂಬ ಒಂದು ತತ್ತ್ವವನ್ನು ಒಪ್ಪಿದ್ದೇವೆ, ಆದರೆ ಕ್ರಿಸ್ತನನ್ನು ಕಂಡುಕೊಂಡಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಪಂಡಿತೆಯಾಗಿ, ಹೆಸರಾಂತ ಸಮಾಜ ಸುಧಾರಕಿಯಾಗಿ, ತನಗೆ ಗೊತ್ತಿದ್ದದ್ದು ಮಾತು ಮಾತ್ರ ಎಂದು ಬರೆದುಕೊಳ್ಳಲು ಎಷ್ಟು ಎದೆಗಾರಿಕೆ ಬೇಕು! ಅದರ ಮುಂದಿನ ಓದು ಬೇರೆಯೇ ಆಯಿತು. 1896-97ರ ಕ್ಷಾಮದಲ್ಲಿ, ತಾನು ಹಸಿದಿದ್ದ ದಿನಗಳನ್ನು ನೆನೆದು, ನೂರಾರು ಅನಾಥ ಹುಡುಗಿಯರನ್ನು ಕರೆತಂದು ಪುಣೆಯ ಹತ್ತಿರ ಕೇಡಗಾಂವ್‌ನ 'ಮುಕ್ತಿ' ಆಶ್ರಮದಲ್ಲಿ ಸಾಕಿದರು.

ಆ ಹುಡುಗಿಯರಿಗೆ ಬೈಬಲ್ ಓದಿಸುವಾಗ ಹಳೆಯ ತೊಡಕು ಮತ್ತೆ ಎದುರಾಯಿತು. ಆಗ ಇದ್ದ ಮರಾಠಿ ಅನುವಾದ ಸಂಸ್ಕೃತಭೂಯಿಷ್ಠ. ಹಳ್ಳಿಯ ಹುಡುಗಿಗೆ ಅರ್ಥವಾಗದು. ನದೀ ದಡದಲ್ಲಿ ಅರ್ಥವಾಗದೆ ಕುಳಿತಿದ್ದ ಕೇಳುಗರನ್ನು ಕಂಡಿದ್ದ ರಮಾಬಾಯಿ ಅದನ್ನೇ ಇಲ್ಲಿಯೂ ನಡೆಯಲು ಬಿಡಲಿಲ್ಲ. ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಮೂಲ ಭಾಷೆಗಳಾದ ಹೀಬ್ರೂ ಮತ್ತು ಗ್ರೀಕ್ ಕಲಿತರು. ಇಡೀ ಬೈಬಲನ್ನು ಆಡುಮರಾಠಿಗೆ ತರಲು ಕುಳಿತರು. ಹದಿನೈದು ವರ್ಷಕ್ಕೂ ಮೀರಿದ ದುಡಿಮೆ ಅದು. ಆಶ್ರಮದ ಹೆಂಗಸರೇ ಅಚ್ಚಿನ ಮೊಳೆ ಜೋಡಿಸಿದರು. ಕಿವಿ ಮಂದವಾಗಿತ್ತು, ದೇಹ ಸೋತಿತ್ತು, ಮಗಳು ಮನೋರಮಾ 1921ರಲ್ಲಿ ತೀರಿಕೊಂಡಿದ್ದರು. ಆದರೂ ಕೆಲಸ ಮುಗಿಸಿಯೇ 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. ಗ್ರಂಥ 1924ರಲ್ಲಿ ಹೊರಬಂತು.

ಕಾಲಹರಣವೆಂದು ಒಮ್ಮೆ ಬದಿಗಿಟ್ಟ ಪುಸ್ತಕಕ್ಕೆ ಬದುಕಿನ ಕೊನೆಯ ಹದಿನೈದು ವರ್ಷ ಕೊಟ್ಟರಲ್ಲ, ಆ ನಡುವೆ ನಡೆದದ್ದೇ ಅಧ್ಯಯನ.

ಪೆನ್ಸಿಲ್ ಹಿಡಿದು ಓದಿದರೆ

ಅಧ್ಯಯನ ಎಂದರೆ ಹೀಬ್ರೂ, ಗ್ರೀಕ್ ಕಲಿಯಲೇಬೇಕೆಂದಲ್ಲ. ಎಂಟನೆಯ ತರಗತಿಯ ಲೆಕ್ಕ ಬಲ್ಲವರೂ ಮಾಡಬಹುದಾದ ಒಂದು ಉದಾಹರಣೆ ನೋಡೋಣ.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಅರಸನೊಬ್ಬನಿಗೆ ಅವನ ಸೇವಕ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಕಾಲಿಗೆ ಬಿದ್ದು ಬೇಡಿದಾಗ ಅರಸ ಪೂರ್ತಿ ಸಾಲ ಬಿಟ್ಟುಬಿಟ್ಟ. ಹೊರಗೆ ಬಂದ ಆ ಸೇವಕ, ತನಗೆ ನೂರು ದೆನಾರಿಯಸ್ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ಓದುವವರು 'ಪಾಪ, ಕೆಟ್ಟವನು' ಎಂದು ಪುಟ ತಿರುಗಿಸುತ್ತಾರೆ.

ಅಧ್ಯಯನ ಮಾಡುವವರು ಅಲ್ಲಿ ನಿಂತು, ತಲಾಂತು ಎಂದರೆಷ್ಟು ಎಂದು ಕೇಳುತ್ತಾರೆ. ಒಂದು ತಲಾಂತು ಸುಮಾರು 6,000 ದೆನಾರಿಯಸ್. ದೆನಾರಿಯಸ್ ಎಂದರೆಷ್ಟು? ಅದೇ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ ನೋಡಿದರೆ ಅದು ದ್ರಾಕ್ಷಿ ತೋಟದ ಕೂಲಿಯ ಒಂದು ದಿನದ ಸಂಬಳ. ಅಲ್ಲಿಗೆ ಹತ್ತು ಸಾವಿರ ತಲಾಂತು ಎಂದರೆ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಜೊತೆಯವನ ಸಾಲವೋ ನೂರು ದಿನದ ಕೂಲಿ. ಒಂದರ ಆರು ಲಕ್ಷ ಪಟ್ಟು ಇನ್ನೊಂದು. ಚಿಕ್ಕ ಸಾಲವನ್ನು ಒಂದು ಸೆಂಟಿಮೀಟರ್ ಗೆರೆಯಾಗಿ ಎಳೆದರೆ ದೊಡ್ಡದು 6 ಕಿಲೋಮೀಟರ್. ಹೆಚ್ಚುಕಡಿಮೆ ಕುಮಾರ ಪಾರ್ಕಿನಿಂದ ಬಸವನಗುಡಿಗೆ ಹೋದಷ್ಟು ದೂರ.

ಈಗ ಕಥೆ ಬೇರೆಯಾಗಿ ಕಾಣುವುದಿಲ್ಲವೇ? ಹತ್ತು ಸಾವಿರಕ್ಕೆ ಇರುವ ಗ್ರೀಕ್ ಪದ, ಆ ಭಾಷೆಯಲ್ಲಿ ಒಂದೇ ಪದದಿಂದ ಹೇಳಬಹುದಾದ ಅತಿ ದೊಡ್ಡ ಸಂಖ್ಯೆ. ಅಂದರೆ ಯಾರೂ ತೀರಿಸಲಾರದ ಸಾಲ ಎಂಬುದೇ ಇಂಗಿತ. ಇನ್ನು ಕಥೆಯ ಹಿಂದಿನ ವಾಕ್ಯಗಳನ್ನು ನೋಡಿದರೆ, ತಪ್ಪು ಮಾಡಿದ ಸೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ, ಎಂದು ಪೇತ್ರ ಕೇಳಿದ್ದಕ್ಕೆ ಬಂದ ಉತ್ತರ ಇದು. ಕ್ಷಮೆಯ ಲೆಕ್ಕ ಇಡಹೊರಟವನಿಗೆ ಲೆಕ್ಕದಲ್ಲೇ ಉತ್ತರ!

ಇಷ್ಟಕ್ಕೆ ಅರ್ಥವಾಯಿತು. ಆದರೆ ಕ್ರೈಸ್ತನ ಅಧ್ಯಯನ ಇಲ್ಲಿಗೂ ನಿಲ್ಲುವಂತಿಲ್ಲ. ಪೆನ್ಸಿಲ್ ಕೆಳಗಿಟ್ಟ ಮೇಲೆ, ತಾನು ಯಾರ ಕುತ್ತಿಗೆ ಹಿಡಿದು ಕುಳಿತಿದ್ದೇನೆ ಎಂಬ ಪ್ರಶ್ನೆ ಬರಬೇಕು. ಮಾತುಬಿಟ್ಟ ತಮ್ಮನೋ, ದಾಯಾದಿಯೋ, ಬೆಂಚಿನ ಪಕ್ಕದ ಗೆಳೆಯನೋ ನೆನಪಾಗಬೇಕು. ಯಾಕೋಬನ ಪತ್ರದಲ್ಲಿ ಇದಕ್ಕೊಂದು ಹೋಲಿಕೆಯಿದೆ. ವಾಕ್ಯ ಕೇಳಿಯೂ ಅದರಂತೆ ನಡೆಯದವನು, ಕನ್ನಡಿಯಲ್ಲಿ ಮುಖ ನೋಡಿ, ಆಚೆ ಹೋದೊಡನೆ ತಾನು ಹೇಗಿದ್ದೆನೆಂದು ಮರೆಯುವವನಂತೆ. ಕನ್ನಡಿ ಇರುವುದು ಮುಖದ ಮಸಿ ಒರೆಸಿಕೊಳ್ಳಲು ತಾನೆ?

ಬಾಯಿಪಾಠವನ್ನೇ ಅಧ್ಯಯನವೆಂದು ತಿಳಿಯುವುದೂ ಅಪಾಯ. ಯೇಸುವಿನ ಶೋಧನೆಯ ಪ್ರಸಂಗದಲ್ಲಿ ಸೈತಾನನೇ ಕೀರ್ತನೆಯೊಂದರ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ತಪ್ಪಿದ್ದು ಪಾಠದಲ್ಲಲ್ಲ, ಅದನ್ನು ಸಂದರ್ಭದಿಂದ ಕಿತ್ತು ಬಳಸಿದ ಉದ್ದೇಶದಲ್ಲಿ.

ಕನ್ನಡಕ್ಕೆ ಬಂದ ಫಲ

ಇಂಥ ಅಧ್ಯಯನದ ಲಾಭ ಒಂದು ಮತದವರಿಗಷ್ಟೇ ಆಗುವುದಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನಿಯ ಫರ್ಡಿನೆಂಡ್ ಕಿಟೆಲ್, ಕನ್ನಡಿಗರ ಮನಸ್ಸು ತಿಳಿಯದೆ ಅವರಿಗೆ ಏನನ್ನೂ ಹೇಳಲಾಗದೆಂದು ಅರಿತು ಕನ್ನಡದ ಹಳೆಯ ಕಾವ್ಯ, ಛಂದಸ್ಸು, ವ್ಯಾಕರಣಗಳಿಗೆ ಇಳಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ಮತ ಯಾವುದಾದರೇನು, ಕನ್ನಡದ ವಿದ್ವಾಂಸರೆಲ್ಲ ಇಂದಿಗೂ ಅದನ್ನು ತೆರೆಯುತ್ತಾರೆ.

ಬೆಂಗಳೂರಿನಲ್ಲೂ ಈ ಕೆಲಸ ಸದ್ದಿಲ್ಲದೆ ನಡೆದಿದೆ. 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಕುಮಾರ ಪಾರ್ಕಿಗೆ ಹತ್ತಿರದ ಮಲ್ಲೇಶ್ವರದಲ್ಲಿರುವ ಸೇಂಟ್ ಪೀಟರ್ಸ್ ಸೆಮಿನರಿ ಇಂಥ ತಾಣಗಳು. ಪಾದ್ರಿಗಳಾಗಬೇಕಾದವರು ಅಲ್ಲಿ ವರ್ಷಗಟ್ಟಲೆ ಕಲಿಯುತ್ತಾರೆ. ವಾಕ್ಯ ಬಾಯಿಗೆ ಬಂದರೆ ಸಾಕಾಗಿದ್ದರೆ ಅಷ್ಟು ವರ್ಷ ಏಕೆ ಬೇಕಿತ್ತು?

ಮನೆಯಲ್ಲಿ ಮಾಡಬಹುದಾದದ್ದು

ಇದು ಬೈಬಲಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಗೀತೆ, ಕುರಾನ್, ವಚನಗಳು ಎಲ್ಲಕ್ಕೂ ಒಪ್ಪುವಂಥದು. ಶಾಲೆಯ ಪಠ್ಯಪುಸ್ತಕಕ್ಕಂತೂ ಕಡ್ಡಾಯ. ಓಮನ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸುವ ಹುಡುಗನಿಗೆ ಎರಡು ಬ್ಯಾಟರಿ ಸೆಲ್, ಒಂದಿಷ್ಟು ತಂತಿ, ಒಂದು ಟಾರ್ಚ್ ಬಲ್ಬು ಕೊಟ್ಟು ನೋಡಿ. ಓದಿದ್ದಾನೋ ಅರಿತಿದ್ದಾನೋ ಐದು ನಿಮಿಷದಲ್ಲಿ ತಿಳಿಯುತ್ತದೆ.

ಗ್ರಂಥದ ಓದಿಗೂ ಸರಳ ಪ್ರಶ್ನೆಗಳಿವೆ. ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಇದರ ಹಿಂದೆ ಮುಂದೆ ಏನಿದೆ? ಇದು ಕಥೆಯೋ, ಪದ್ಯವೋ, ಕಾಗದವೋ, ಕಾನೂನೋ? ತಿಳಿಯದ ಪದ ಯಾವುದು? ಅದೇ ಗ್ರಂಥ ಬೇರೆ ಕಡೆ ಇದರ ಬಗ್ಗೆ ಏನು ಹೇಳುತ್ತದೆ? ಕೊನೆಯದಾಗಿ, ಇದರಿಂದ ನಾಳೆ ಬೆಳಿಗ್ಗೆ ನನ್ನ ನಡತೆಯಲ್ಲಿ ಏನು ಬದಲಾಗಬೇಕು? ದಿನಕ್ಕೊಂದು ಅಧ್ಯಾಯ ಮುಗಿಸುವ ಅವಸರಕ್ಕಿಂತ ವಾರಕ್ಕೊಂದು ಪ್ರಸಂಗವನ್ನು ಈ ಪ್ರಶ್ನೆಗಳೊಡನೆ ಓದುವುದು ಮೇಲು. ಹಾಗೆಂದು ನಿತ್ಯ ಪಾರಾಯಣ ವ್ಯರ್ಥವಲ್ಲ. ರಮಾಬಾಯಿಗೆ ತಾಯಿ ಬಾಯಿಪಾಠ ಮಾಡಿಸದಿದ್ದರೆ ಮುಂದಿನ ಪಾಂಡಿತ್ಯಕ್ಕೆ ನೆಲೆಯೇ ಇರುತ್ತಿರಲಿಲ್ಲ. ಬೀಜ ಬಿತ್ತಿದ್ದು ಒಳ್ಳೆಯದೇ, ನೀರೆರೆಯುವುದನ್ನು ಮರೆಯಬಾರದು.

ಮಗು ನಡುವೆ ಪ್ರಶ್ನೆ ಕೇಳಿದರೆ 'ಸುಮ್ಮನೆ ಓದು' ಎಂದು ಗದರಿಸದಿರುವುದು ತಂದೆತಾಯಿಗಳ ಪಾಲಿನ ಕೆಲಸ. ಉತ್ತರ ಗೊತ್ತಿಲ್ಲದಿದ್ದರೆ 'ಬಾ, ಇಬ್ಬರೂ ಹುಡುಕೋಣ' ಎನ್ನಬಹುದು. ರಥದಲ್ಲಿ ಕುಳಿತ ಆ ಅಧಿಕಾರಿಗೆ ಬೇಕಾಗಿದ್ದುದು ಜೊತೆಗೊಬ್ಬರು ಕೂರುವುದು ಮಾತ್ರ.

ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಗೀತೆಯ ಶ್ಲೋಕಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಹಲ್ಲುಜ್ಜುವ ಹದಿನೈದು ನಿಮಿಷದಲ್ಲಿ ಕಲಿಯುತ್ತಿದ್ದರು. ಹದಿಮೂರು ಅಧ್ಯಾಯ ಹಾಗೆಯೇ ಬಾಯಿಗೆ ಬಂದವು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ತಿಳಿಯದ ಪದಕ್ಕೆ ನಿಘಂಟು ನೋಡುವಂತೆ, ತಿಳಿಯದ ನಡೆಗೆ ಗೀತೆಯನ್ನು ನೋಡಿದರು. 'ಅಪರಿಗ್ರಹ' ಎಂಬ ಒಂದು ಪದದ ಹಿಂದೆ ಬಿದ್ದು ತಮ್ಮ ಜೀವವಿಮೆಯನ್ನೇ ಕೈಬಿಟ್ಟರು. ಲಂಡನ್ನಿನಲ್ಲಿ ಪದಸೂಚಿಯುಳ್ಳ ಬೈಬಲನ್ನು ಹಿಡಿದು ತೂಕಡಿಸಿದ್ದ ಅದೇ ಮನುಷ್ಯ, ಮುಂದೆ ಗೀತೆಗೇ ಒಂದು ಪದಕೋಶ ಸಿದ್ಧಪಡಿಸಿದರು. 1926ರಲ್ಲಿ ಗುಜರಾತ್ ವಿದ್ಯಾಪೀಠದಲ್ಲಿ, ಕೆಲವರ ಆಕ್ಷೇಪಣೆಯ ನಡುವೆಯೂ, ವಿದ್ಯಾರ್ಥಿಗಳೊಡನೆ ಕುಳಿತು ಹೊಸ ಒಡಂಬಡಿಕೆಯನ್ನು ಓದಿದರು. ಕುಮಾರ ಪಾರ್ಕಿಗೆ ಅವರು ವಿಶ್ರಾಂತಿಗೆ ಬಂದದ್ದು ಅದರ ಮರುವರ್ಷ.

ಪುಸ್ತಕ ಮುಗಿಯಿತೇ ಎಂದು ಮಕ್ಕಳನ್ನು ಕೇಳುವುದು ನಮ್ಮ ರೂಢಿ. ಅದರ ಜೊತೆಗೆ, ಅದು ನಿನ್ನೊಳಗೆ ಶುರುವಾಯಿತೇ ಎಂದೂ ಒಮ್ಮೊಮ್ಮೆ ಕೇಳಿ ನೋಡಬಹುದು.